ಮೇಜಿಗೆ ಮರಳದ ಬಿಲ್ಲೆ

“ಈ ರೊಟ್ಟಿ ಯಾರು ಕಟ್ಟಿಕೊಟ್ಟಿರ್ಬಹುದು?”

ಗ್ರಿಜೆಲ್ ಇದನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಕಿಟಕಿಯಾಚೆ, ನಮ್ಮ ಈ ದಕ್ಷಿಣದ ನಾಡಿಗೆ ನಡುಚಳಿಗಾಲವಾದ ಜುಲೈ ತಿಂಗಳ ಹಿಮ ಬೇಲಿಯ ಮೇಲೆ ಬೆಳ್ಳಗೆ ಕೂತಿತ್ತು. ಅದರ ಕಡೆ ನೋಡುತ್ತ ಅಂದುಬಿಟ್ಟಳು. ಅಂಗೈಯಲ್ಲಿ, ಅಪ್ಪನ ಕೋಟಿನ ಜೇಬಿನಲ್ಲಿ ಸಿಕ್ಕ ನೀಲಿ ಗೀರಿನ ಬಟ್ಟೆಯ ಪುಟ್ಟ ಗಂಟು. ಎರಡು ದಿನ ಉಪ್ಪುನೀರಲ್ಲಿ ನೆನೆದರೂ ಗಂಟು ಸಡಿಲಾಗಿರಲಿಲ್ಲ. ಒಳಗೆ ಓಟ್ಸ್ ರೊಟ್ಟಿ ಊದಿ ಗಂಜಿಯಾಗಿತ್ತು.

ಶನಿವಾರ ಬೆಳಕು ಹರಿಯುವ ಮೊದಲು ಮನೆ ಬಿಟ್ಟಿದ್ದ ಅವಳ ತಂದೆ ವಾಲ್ಟರ್ ಡಿನ್ವಿಡಿ, ಸೋಮವಾರ ಕಡಲ ಇಳಿತದ ಹೊತ್ತಿಗೆ ಕರ್ಲ್ಯೂ ಕೊಲ್ಲಿಯ ಮರಳ ಮೇಲೆ ಹೆಣವಾಗಿ ಸಿಕ್ಕಿದ್ದರು. ಅವರ ಬರೆಯುವ ಮೇಜಿನ ಮೇಲೆ ಎರಡು ಸಾಲಿನ ಚೀಟಿ ಇತ್ತು: ‘ಮಗಳೇ, ನಾನು ಮಾಡಿದ ತಪ್ಪನ್ನು ಇವತ್ತು ಸರಿಮಾಡುತ್ತೇನೆ. ನನ್ನನ್ನು ಕ್ಷಮಿಸು.’

ಅಕ್ಷರ ಅವರದೇ. ಇಪ್ಪತ್ತೊಂದು ವರ್ಷ ಅವರ ವಕೀಲಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು, ನಿನಿಯನ್ ಹೆರಿಯಟ್, ಅದು ಅವರದಲ್ಲ ಎನ್ನುವಂತಿರಲಿಲ್ಲ.

ಪೊಲೀಸ್ ಸಾರ್ಜೆಂಟರಿಗೆ ಆ ಚೀಟಿಯೇ ಸಾಕಾಗಿತ್ತು. ನಾಳೆ ಬುಧವಾರ ಹತ್ತು ಗಂಟೆಗೆ ಮರಣ ವಿಚಾರಣೆ. ಆತ್ಮಹತ್ಯೆ ಎಂದು ತೀರ್ಮಾನವಾದರೆ ಡಿನ್ವಿಡಿಯವರಿಗೆ ಪ್ರಾರ್ಥನೆಯಿಲ್ಲ, ಹೆಂಡತಿಯ ಪಕ್ಕದಲ್ಲಿ ಜಾಗವಿಲ್ಲ. ಪಾದ್ರಿಗಳು ನಿನ್ನೆ ಸಂಜೆಯೇ ಬಂದು, ಕೈ ಹಿಸುಕಿಕೊಳ್ಳುತ್ತ, ಸ್ಮಶಾನದ ಬೇಲಿಯಾಚೆ ಒಂದು ಒಳ್ಳೆಯ ಮರದ ನೆರಳಿದೆ ಎಂದು ಹೇಳಿಹೋಗಿದ್ದರು.

“ಸಾಯೋಕೆ ಹೋಗೋರು ರೊಟ್ಟಿ ಕಟ್ಟಿಸ್ಕೊಂಡು ಹೋಗ್ತಾರಾ ಮಾಮ?” ಎಂದಳು ಗ್ರಿಜೆಲ್. ಈ ಸಲ ಕೇಳಿದ್ದು ನನ್ನನ್ನು.

ಅವಳು ತೊಟ್ಟಿಲಲ್ಲಿದ್ದಾಗಿನಿಂದ ನಾನು ಅವಳ ಮಾಮ. ಮೂರು ದಿನದಿಂದ ಅವಳು ಅತ್ತಿರಲಿಲ್ಲ. ಕೋಟು, ಕಾಲುಚೀಲ, ಕರವಸ್ತ್ರ ಎಲ್ಲವನ್ನೂ ಹಿಂಡಿ, ಒಣಗಿಸಿ, ನಾಳೆ ಅಪ್ಪ ತೊಟ್ಟುಕೊಂಡು ಹೊರಡುವವರೇನೋ ಎಂಬಂತೆ ಮಡಿಸಿಡುತ್ತಿದ್ದಳು.

ವೇಸ್ಟ್‌ಕೋಟಿನ ಒಳಜೇಬಿಗೆ ಕೈ ಹಾಕಿದವಳು ಇನ್ನೊಂದು ವಸ್ತು ತೆಗೆದು ನನ್ನ ಮುಂದಿಟ್ಟಳು. ಉಗುರಗಲದ ಸೀಸದ ಬಿಲ್ಲೆ. ಒಂದು ಮುಖದಲ್ಲಿ ಕರ್ಕ್‌ಬ್ರೇ ಎಂಬ ಹೆಸರು, ಇನ್ನೊಂದರಲ್ಲಿ 1847. ಹುಟ್ಟೂರಿನ ಚರ್ಚಿನ ನೆನಪಿಗೆ ಅಪ್ಪ ಇಟ್ಟುಕೊಂಡಿದ್ದಿರಬೇಕು ಎಂದಳು.

ನಾನು ತಲೆಯಾಡಿಸಿದೆ. ಆದರೆ ಬೆರಳು ಆ ಬಿಲ್ಲೆಯನ್ನು ಬಿಡಲಿಲ್ಲ.

ಎಲ್ಲರೂ ಒಂದೇ ಮೇಜಿಗೆ ಕೂತು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಹಿಂದಿನ ದಿನ ನಮ್ಮ ಸಭೆಯ ಹಿರಿಯರು ಬಿಲ್ಲೆ ಕೊಡುತ್ತಾರೆ, ನಡತೆ ಸರಿಯಿದ್ದವರಿಗೆ ಮಾತ್ರ. ಭಾನುವಾರ ಅದನ್ನು ಒಪ್ಪಿಸಿಯೇ ಮೇಜಿಗೆ ಕೂರಬೇಕು. ಹಾಗಾಗಿ ಅದು ಯಾರ ಜೇಬಿನಲ್ಲೂ ಉಳಿಯುವ ವಸ್ತುವಲ್ಲ. ಉಳಿದಿದೆಯೆಂದರೆ, ಶನಿವಾರ ಯೋಗ್ಯನೆಂದು ಬಿಲ್ಲೆ ಪಡೆದವನು ಭಾನುವಾರ ಬೆಳಗಾಗುವಷ್ಟರಲ್ಲಿ ತಾನು ಯೋಗ್ಯನಲ್ಲ ಎಂದುಕೊಂಡಿದ್ದಾನೆ.

ಮೂವತ್ತೆರಡು ವರ್ಷದ ಹಿಂದಿನ ಆ ಶನಿವಾರ ಏನು ನಡೆದಿತ್ತು?

ಡಿನ್ವಿಡಿ ನೇಕಾರನ ಮಗ. ಎಡಿನ್‌ಬರೋದಲ್ಲಿ ಕಾನೂನು ಕಲಿತು, ಒಂದು ಪೆಟ್ಟಿಗೆ ಪುಸ್ತಕ ಹೊತ್ತು ಒಟಾಗೋಗೆ ಬಂದಿಳಿದವರು. ಅವರ ಮೊದಲ ಕಚೇರಿ ಮಣ್ಣುಗೋಡೆಯ ಗುಡಿಸಲು. ಮಳೆ ಬಂದರೆ ಕಕ್ಷಿದಾರನೇ ಕಾಗದದ ಮೇಲೆ ಕೊಡೆ ಹಿಡಿಯಬೇಕಿತ್ತಂತೆ. ಚಿನ್ನ ಅಗೆಯುವವರ ಜಗಳ, ಕುರಿಗಾರರ ಗಡಿ ತಂಟೆ, ಹೀಗೆ ಬೆಳೆದು ಪ್ರಾಂತ್ಯದ ಸಭೆಗೆ, ಅಲ್ಲಿಂದ ವೆಲಿಂಗ್ಟನ್ನಿನ ಪಾರ್ಲಿಮೆಂಟಿಗೆ ಹೋದರು. ಅಲ್ಲಿಯೂ ದನಿ ಏರಿಸಿದವರಲ್ಲ. ಮುದುಕಿಯೊಬ್ಬಳಿಗೆ ಅವಳ ಕ್ರಯಪತ್ರ ಓದಿ ಹೇಳುವಂತೆ ಮಂತ್ರಿಗಳಿಗೆ ಮಾತು ಹೇಳುತ್ತಿದ್ದರು. ಇಷ್ಟನ್ನೆಲ್ಲ ಊರು ಬಲ್ಲದು. ಕರ್ಕ್‌ಬ್ರೇಯ ಮಾತು ಮಾತ್ರ ಅವರ ಬಾಯಿಂದ ಬಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ನಾನು ಗಂಟಿನ ಬಟ್ಟೆಯನ್ನು ಬೆಳಕಿಗೆ ಹಿಡಿದೆ. ಶರ್ಟಿಗೆ ಬಳಸುವ ಬಟ್ಟೆ, ಒಂದು ಅಂಚು ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದು. ಪೇಟೆಯ ಅಂಗಡಿಯವರು ಹೊಲಿಗೆಗೆಂದು ಮನೆಮನೆಗೆ ಕೊಡುವ ಬಟ್ಟೆಯಿದು. ಕರ್ಲ್ಯೂ ಕೊಲ್ಲಿಯಲ್ಲಿ ಶರ್ಟು ಹೊಲಿಯುವವಳು ಒಬ್ಬಳೇ, ವಿಧವೆ ಟುಲಿ.

ಆ ಹೆಸರು ಹೊಳೆದೊಡನೆ ಭಾನುವಾರದ ಇನ್ನೊಂದು ಕೊರತೆಯೂ ಹೊಳೆಯಿತು.

ಭಾನುವಾರ ಚರ್ಚಿನಲ್ಲಿ ಕೀರ್ತನೆ ಎತ್ತಿಕೊಡುವವನು ನಾನೇ. ನಮ್ಮಲ್ಲಿ ವಾದ್ಯವಿಲ್ಲ. ನಾನೊಂದು ಸಾಲು ಹೇಳಿದರೆ ಸಭೆ ಅದನ್ನು ಎಳೆದು ಹಾಡುತ್ತದೆ. ಹಾಗೆ ನಿಂತು ನಿಂತು, ಮುಖ ನೋಡದೆಯೇ ಯಾರು ಬಂದಿದ್ದಾರೆ, ಯಾರಿಗೆ ನೆಗಡಿ, ಯಾರ ಮನೆಯಲ್ಲಿ ಜಗಳ ಎಂದು ಹೇಳಬಲ್ಲೆ. ಮೂರು ವರ್ಷದಿಂದ ಹಿಂದಿನ ಬೆಂಚಿನಲ್ಲಿ ತಪ್ಪದೆ ಕೇಳುತ್ತಿದ್ದ ಅವಳ ದನಿ ಮೊನ್ನೆ ಇರಲಿಲ್ಲ.

ಆ ದನಿಗೆ ಒಂದು ಗುರುತಿತ್ತು. ಸಾಲು ಮುಗಿಯುವಲ್ಲಿ ಅದು ಸ್ವಲ್ಪ ಮೇಲಕ್ಕೆ ಹತ್ತಿ, ಮೆಟ್ಟಿಲು ತಪ್ಪಿದವರಂತೆ ಥಟ್ಟನೆ ಇಳಿಯುತ್ತಿತ್ತು. ಇಡೀ ಸಭೆಯಲ್ಲಿ ಹಾಗೆ ಹಾಡುವವರು ಇಬ್ಬರೇ. ಇನ್ನೊಬ್ಬರು, ಮುಂದಿನ ಸಾಲಿನ ಹಿರಿಯರ ಆಸನದಲ್ಲಿದ್ದ ವಾಲ್ಟರ್ ಡಿನ್ವಿಡಿ.

*

ಕರ್ಲ್ಯೂ ಕೊಲ್ಲಿಯಲ್ಲಿ ದೋಣಿ ಹತ್ತಲು ನೀರಿನ ಮೇಲೆ ಚಾಚಿದ ಹಲಗೆಯ ಕಟ್ಟೆ, ಅಂದರೆ ಜೆಟ್ಟಿ, ಪಿಟೆಂಡ್ರಿ ಎಂಬ ಮರದ ವ್ಯಾಪಾರಿಯದು. ದಡವನ್ನೆಲ್ಲ ತನಗೇ ಗುತ್ತಿಗೆ ಕೊಡಿ ಎಂದು ಅವನು ಅರ್ಜಿ ಹಾಕಿದ್ದ. ದಡ ಮೀನು ಹಿಡಿಯುವವರದು, ನಡೆದಾಡುವವರದು ಎಂದು ಪಾರ್ಲಿಮೆಂಟಿನಲ್ಲಿ ಎದ್ದು ನಿಂತವರು ಡಿನ್ವಿಡಿ. ಪಿಟೆಂಡ್ರಿಯೇ ಅವರನ್ನು ಜೆಟ್ಟಿಯಿಂದ ತಳ್ಳಿಸಿದ ಎಂದು ಹೋಟೆಲಿನಲ್ಲಿ ಪಿಸುಗುಟ್ಟುವವರೂ ಇದ್ದರು.

ನಾನು ಹಲಗೆಗಳ ಮೇಲೆ ನಿಧಾನವಾಗಿ ನಡೆದೆ. ಎಲ್ಲವೂ ಬೂದು ಬಣ್ಣ, ಉಪ್ಪು ತಿಂದು ಸವೆದದ್ದು. ತುದಿಯಿಂದ ಏಳನೆಯದು ಮಾತ್ರ ಬೆಣ್ಣೆಯಂತೆ ಹಳದಿ. ಮಂಡಿಯೂರಿ ಮೂಸಿದೆ. ಇನ್ನೂ ಹಸಿ ಮರದ ಅಂಟಿನ ವಾಸನೆ.

“ಏನ್ರೀ, ಕೀರ್ತನೆ ಬಿಟ್ಟು ಮರ ಮೂಸೋ ಕೆಲ್ಸ ಹಿಡಿದ್ರಾ?” ಹಿಂದಿನಿಂದ ಪಿಟೆಂಡ್ರಿಯ ದನಿ.

ಈ ಹಲಗೆ ಯಾವಾಗ ಹಾಕಿಸಿದಿರಿ ಎಂದು ಕೇಳಿದೆ. ಬೇಸಿಗೆಯಲ್ಲೇ, ಹೊಸ ವರ್ಷಕ್ಕೂ ಮೊದಲು ಎಂದ.

“ಆರು ತಿಂಗಳಿಂದ ಈ ಗಾಳೀಲಿ ನಿಮ್ಮ ಮೊಳೆಗೆ ತುಕ್ಕೇ ಹಿಡ್ದಿಲ್ವಲ್ಲ. ಎಲ್ಲಿ ಸಿಗುತ್ತೆ ಅಂಥ ಮೊಳೆ?”

ಅವನ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ಭಯ. ಕೊಲೆಗಾರನ ಭಯದಂತೆಯೂ ಇರಲಿಲ್ಲ. ಹಲಗೆ ಕೊಳೆತಿದೆ ಎಂದು ಆಳುಗಳು ಹತ್ತು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳದವನ ಭಯ. ಆದರೂ ಸಾವರಿಸಿಕೊಂಡ. ತನ್ನ ಜೆಟ್ಟಿ, ತನ್ನ ಮೊಳೆ, ಯಾರಾದರೂ ಏನಾದರೂ ಕಂಡಿದ್ದರೆ ನಾಳೆ ಬಂದು ಹೇಳಲಿ, ತನ್ನ ಪರವಾಗಿಯೂ ವಕೀಲರು ಬರುತ್ತಾರೆ ಎಂದು ಹೇಳಿ ಹೊರಟುಹೋದ.

ಅವನ ಮಾತು ಸರಿಯೇ. ಹೊಸ ಮೊಳೆ ಸಾಕ್ಷಿಯಾಗದು. ಕಂಡ ಕಣ್ಣು ಬೇಕು.

ತಲೆಯೆತ್ತಿ ದಡದ ಕಡೆ ನೋಡಿದೆ. ಜೆಟ್ಟಿಯ ತುದಿ ನೇರವಾಗಿ ಕಾಣುವುದು ಒಂದೇ ಒಂದು ಕಿಟಕಿಗೆ.

*

“ಬಾಗ್ಲು ತೆರ್ದೇ ಇರ್ಲಿ ಹೆರಿಯಟ್ ಅವ್ರೇ. ಒಂಟಿ ಹೆಂಗಸಿನ ಮನೆ, ನಿಮ್ಮ ಸಭೆಯೋರ ನಾಲಿಗೆ ಉದ್ದ.”

ವಿಧವೆ ಟುಲಿ ಒಲೆಯ ಮುಂದೆ ಓಟ್ಸ್ ಹಿಟ್ಟು ನಾದುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು. ಕಿಟಕಿಯ ಕೆಳಗೆ ಹೊಲಿಗೆಯ ಬುಟ್ಟಿ, ಅದರ ತುಂಬ ನೀಲಿ ಗೀರಿನ ತುಂಡು. ಎರಡು ಮಾತಿಗೊಮ್ಮೆ ಎದೆಯ ಆಳದಿಂದ ಕೆಮ್ಮು.

ಭಾನುವಾರ ನಿಮ್ಮ ದನಿ ಕೇಳಲಿಲ್ಲ ಎಂದೆ.

“ಮುನ್ನೂರು ಜನದಲ್ಲಿ ಒಂದು ಮುದುಕಿ ಗಂಟ್ಲು ಕೇಳಿಸೋಕೆ ನಿಮಗೇನು ಮೊಲದ ಕಿವಿನಾ?” ಎಂದು ನಕ್ಕಳು. ಕೆಮ್ಮು ಆ ನಗುವನ್ನು ಅಲ್ಲಿಗೇ ತಡೆಯಿತು.

ಯಾವ ಊರಿನವರು ನೀವು ಎಂದು ಕೇಳಿದೆ. ಬೆಲ್‌ಫಾಸ್ಟಿನಿಂದ ಬಂದೆ ಎಂದಳು. ಮೂರು ವರ್ಷದಿಂದ ಎಲ್ಲರಿಗೂ ಹೇಳಿದ್ದು ಅದನ್ನೇ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅದಕ್ಕೂ ಉತ್ತರ ಸಿದ್ಧವಿತ್ತು ಎಂದು ಅವಳ ಕೈಯ ನಿಧಾನವೇ ಹೇಳುತ್ತಿತ್ತು.

ಆಗ ನಾನು ಮಾಡಿದ ಕೆಲಸಕ್ಕೆ ದೇವರು ನನ್ನನ್ನು ಕ್ಷಮಿಸಲಿ. ಸುಮ್ಮನೆ ಕೂತಿದ್ದವನು, ಭಾನುವಾರ ನಿಂತು ಎತ್ತಿಕೊಡುವಂತೆಯೇ, ಮೆಲುದನಿಯಲ್ಲಿ ಕೀರ್ತನೆಯ ಒಂದು ಸಾಲು ಎತ್ತಿಕೊಟ್ಟೆ.

ಎದೆಹಾಲಿನ ಜೊತೆ ಕೀರ್ತನೆ ಕುಡಿದವರಿಗೆ ಎತ್ತಿಕೊಟ್ಟ ಸಾಲನ್ನು ನೆಲಕ್ಕೆ ಬೀಳಿಸಿ ಗೊತ್ತಿಲ್ಲ. ಹಿಟ್ಟಿನ ಮೇಲೆ ಬಾಗಿದ್ದಂತೆಯೇ ಅವಳು ಅದನ್ನು ತೆಗೆದುಕೊಂಡಳು. ಒಡೆದ ದನಿ, ಆದರೂ ಸಾಲಿನ ತುದಿಯಲ್ಲಿ ಅದು ಹತ್ತಿತು, ಮೆಟ್ಟಿಲು ತಪ್ಪಿದವರಂತೆ ಇಳಿಯಿತು.

ಹಿಟ್ಟಿನೊಳಗೆ ಕೈ ನಿಂತಿತು.

“ಕರ್ಕ್‌ಬ್ರೇ,” ಎಂದೆ. ಬಿಲ್ಲೆಯನ್ನು ಅವಳ ಮುಂದಿಟ್ಟೆ.

ಅವಳು ಅದನ್ನು ಹಿಟ್ಟಿನ ಬೆರಳಿನಿಂದಲೇ ಎತ್ತಿ, ಸೆರಗಿನಂತೆ ಹೆಗಲ ಮೇಲಿದ್ದ ಶಾಲಿಗೆ ಒರೆಸಿ, ಅಂಗೈಯಲ್ಲಿ ಮುಚ್ಚಿಕೊಂಡಳು.

“ಇನ್ನೂ ಇಟ್ಕೊಂಡಿದ್ನಾ,” ಎಂದಳು.

ಟುಲಿ ಎಂಬುದು, ಬೆಲ್‌ಫಾಸ್ಟಿನಲ್ಲಿ ಜ್ವರ ಬಂದಾಗ ತನ್ನನ್ನು ನೋಡಿಕೊಂಡ ಮುದುಕಿಯ ಹೆಸರಂತೆ. ಇವಳ ಹೆಸರು ಮೇರಿಯನ್ ಆಫ್ಲೆಕ್. ಹಡಗು ಹತ್ತಿದ್ದು ಬೆಲ್‌ಫಾಸ್ಟಿನಲ್ಲೇ, ಅದರಲ್ಲಿ ಸುಳ್ಳಿಲ್ಲ. ಅದಕ್ಕೂ ಹಿಂದೆ ಎಲ್ಲಿದ್ದೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ ಎಂದಳು.

ಆ ಶನಿವಾರ ಅವಳೂ ವಾಲ್ಟರನೂ ಚರ್ಚಿನಲ್ಲಿ ಬಿಲ್ಲೆ ಪಡೆದು ಹೊರಬಿದ್ದರು. ಅವಳ ಅಣ್ಣನಿಗೆ ನೇಕಾರನ ಮಗ ಬೇಡ. ಸಂಜೆ, ಮಗ್ಗದ ಮನೆಯಲ್ಲಿ, ಇಬ್ಬರು ಗೆಳೆಯರ ಮುಂದೆ ವಾಲ್ಟರ್ ಅವಳ ಕೈ ಹಿಡಿದು ಇವಳು ನನ್ನ ಹೆಂಡತಿ ಎಂದ. ಇವನು ನನ್ನ ಗಂಡ ಎಂದು ಅವಳೂ ಅಂದಳು. ಪಾದ್ರಿ ಇಲ್ಲ, ಉಂಗುರ ಇಲ್ಲ. ನಮ್ಮ ಹಳೆಯ ದೇಶದ ಕಾನೂನಿಗೆ ಅಷ್ಟೇ ಸಾಕು, ಅದು ಪೂರ್ತಿ ಮದುವೆ. ಕಾನೂನು ಓದುತ್ತಿದ್ದ ಹುಡುಗನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಸಭೆಯ ಹಿರಿಯರಿಗೆ ತಿಳಿಸದೆ ಮಾಡಿದ್ದು. ಮುಚ್ಚಿಟ್ಟ ಮನಸ್ಸು ಹೊತ್ತು ಕರ್ತನ ಮೇಜಿಗೆ ಹೇಗೆ ಕೂರುವುದು? ಮರುದಿನ ಇಬ್ಬರೂ ಹೋಗಲಿಲ್ಲ.

ಮುಂದಿನ ವರ್ಷ ಅವನು ಹಡಗು ಹತ್ತಿದ. ಮನೆ ಮಾಡಿ ಕರೆಸಿಕೊಳ್ಳುತ್ತೇನೆ ಎಂದವನಿಗೆ, ಮೇರಿಯನ್ ಜ್ವರದಲ್ಲಿ ತೀರಿಕೊಂಡಳು ಎಂದು ಅಣ್ಣ ಕಾಗದ ಬರೆದ. ವಾಲ್ಟರ್ ಅವಳಿಗೆ ಬರೆದ ಕಾಗದಗಳನ್ನು ಒಲೆಗೆ ಹಾಕಿದ. ಸಾಯುವಾಗ ಅಣ್ಣನೇ ಅದನ್ನು ಹೇಳಿ ಅತ್ತನಂತೆ.

“ಬಂದು ನೋಡಿದ್ರೆ, ಮುಂದಿನ ಬೆಂಚಲ್ಲಿ ದೊಡ್ಡ ಮನುಷ್ಯ ಆಗಿ ಕೂತಿದ್ದ. ಪಕ್ಕದಲ್ಲಿ ಮಗಳು. ಅವಳ ಅಮ್ಮ ಸತ್ತು ಆರು ತಿಂಗ್ಳಾಗಿತ್ತು. ಆ ಹುಡುಗಿ ಅವನ ಕಾಲರ್ ಸರಿಮಾಡ್ತಿದ್ಲು.” ಮೇರಿಯನ್ ಒಲೆಯ ಕಡೆ ನೋಡಿದಳು. “ನಾನು ಹಿಂದೆ ಹೋಗಿ ಕೂತೆ.”

ಮೂರು ವರ್ಷ ಹಾಗೇ ಕೂತಳು. ಆರು ವಾರದ ಹಿಂದೆ, ದಡದ ಗುತ್ತಿಗೆ ಬೇಡವೆನ್ನುವ ಮನವಿಗೆ ಸಹಿ ಹಾಕಿಸಲು ಮನೆಮನೆ ಹತ್ತಿದ ಡಿನ್ವಿಡಿ ಈ ಬಾಗಿಲನ್ನೂ ತಟ್ಟಿದರು. ಬಾಗಿಲು ತೆರೆದವಳನ್ನು ಕಂಡು, ಒಳಗೆ ಬಂದು, ಕಲ್ಲಿನಂತೆ ನಿಂತುಬಿಟ್ಟರಂತೆ. ಮೂವತ್ತೊಂದು ವರ್ಷದ ಮೇಲೆ ಅವಳು ಗಂಡನಿಗೆ ಆಡಿದ ಮೊದಲ ಮಾತು, ಟೋಪಿ ತೆಗಿ ವಾಲ್ಟರ್, ಮನೆಯೊಳಗಿದ್ದೀಯ ಎಂದು.

ಆಮೇಲೆ ಪ್ರತಿ ಶನಿವಾರ, ಬೆಳಕು ಹರಿಯುವ ಮುನ್ನ ಬರುತ್ತಿದ್ದರು. ಒಲೆಯ ಮುಂದೆ ಕೂತು ಗಂಜಿ ಕುಡಿದು, ಹಳೆಯ ಊರಿನ ಒಂದೊಂದು ಮನೆಯ ಸುದ್ದಿ ಕೇಳಿ ಹೋಗುತ್ತಿದ್ದರು. ಕಳೆದ ಶನಿವಾರ ಗಂಜಿ ಮುಗಿಸಿ, ಇವತ್ತು ಮಗಳಿಗೆ ನಾನೇ ಹೇಳುತ್ತೇನೆ, ಬೇರೆಯವರ ಬಾಯಿಂದ ಕೇಳಬಾರದು ಎಂದರಂತೆ. ಬೆಳಗಿನ ಮೊದಲ ದೋಣಿ ಹಿಡಿದರೆ ಅವಳು ಏಳುವ ಹೊತ್ತಿಗೆ ಮನೆಯಲ್ಲಿರಬಹುದು ಎಂದು ಜೆಟ್ಟಿಗೆ ನಡೆದರು. ದಾರಿಗೆ ರೊಟ್ಟಿ ಕಟ್ಟಿಕೊಟ್ಟವಳು ಇವಳೇ. ಕಿಟಕಿಯಲ್ಲಿ ನಿಂತು ನೋಡಿದವಳೂ ಇವಳೇ.

ಜೆಟ್ಟಿಯ ತುದಿಯ ಹತ್ತಿರ ಹಲಗೆ ಮುರಿದು ಅವರು ನೀರಿಗೆ ಬಿದ್ದರಂತೆ. ಅವಳು ನೀರಿಗಿಳಿದಿದ್ದಳು. ಎದೆಮಟ್ಟ, ಇಳಿತದ ಸೆಳೆತದಲ್ಲಿ, ಹಿಮದ ನೀರಿನಲ್ಲಿ, ಕೂಗಿ ಕೂಗಿ ದನಿ ಹೋಗುವವರೆಗೂ ನಿಂತಿದ್ದಳು. ಬೆಳಗಿನ ದೋಣಿ ಇನ್ನೂ ಬಂದಿರಲಿಲ್ಲ, ಸುತ್ತ ಬೇರೊಂದು ದೋಣಿಯೂ ಇರಲಿಲ್ಲ. ಭಾನುವಾರ ಹಾಡಲು ಅವಳಲ್ಲಿ ದನಿ ಉಳಿದಿರಲಿಲ್ಲ.

ನಾಳೆ ಬರಬೇಕು ಎಂದೆ. ಇಲ್ಲದಿದ್ದರೆ ಚೀಟಿಯ ಎರಡು ಸಾಲೇ ಅವರ ಬಾಳಿನ ಕೊನೆಯ ಮಾತಾಗುತ್ತದೆ, ಬೇಲಿಯಾಚೆ ಹೂಳುತ್ತಾರೆ, ಆ ಹುಡುಗಿ ಜೀವ ಇರುವತನಕ ಅಪ್ಪ ತನ್ನನ್ನು ಬಿಟ್ಟುಹೋದ ಎಂದೇ ನಂಬುತ್ತಾಳೆ ಎಂದೆ.

“ಹಲಗೆ ಮುರೀತು, ಬಿದ್ರು, ನೀವು ಕಂಡ್ರಿ. ಇಷ್ಟೇ ಹೇಳಿ ಅಮ್ಮಾ. ಇಷ್ಟು ಸಾಕು.”

“ಇಷ್ಟಕ್ಕೆ ಬಿಡ್ತಾರಾ? ನೀವು ಕೋರ್ಟಿನೋರು, ನೀವೇ ಹೇಳಿ. ಹೊತ್ತು ಹುಟ್ಟೋಕೆ ಮುಂಚೆ ಆ ದೊಡ್ಡ ಮನುಷ್ಯ ನಿನ್ನ ಮನೇಲಿ ಯಾಕಿದ್ದ, ಅವನು ನಿನಗೇನಾಗ್ಬೇಕು ಅಂತ ಕೇಳಲ್ವಾ?”

ಪಿಟೆಂಡ್ರಿಯ ವಕೀಲ ಮೊದಲು ಕೇಳುವುದೇ ಅದನ್ನು.

“ಕೈ ಎತ್ತಿಸಿ ಪ್ರಮಾಣ ಮಾಡಿಸಿದ್ಮೇಲೆ ನಾನು ಸುಳ್ಳು ಹೇಳಲ್ಲ. ನನ್ನ ಗಂಡ ಅಂತೀನಿ. ಆವಾಗ ಅವಳಮ್ಮ ಯಾರಾದ್ಲು? ಅವಳ್ಯಾರಾದ್ಲು?”

ಹಳೆಯ ದೇಶದ ಕಾನೂನು, ತಿಳಿಯದೆ ಆದ ಎರಡನೆಯ ಮದುವೆಯ ಮಗುವನ್ನು ಕೈಬಿಡುವುದಿಲ್ಲ. ಇಲ್ಲಿಯ ಕಾನೂನಿಗೆ ಆ ಕರುಣೆಯಿಲ್ಲ, ಅದರ ಲೆಕ್ಕಕ್ಕೆ ಗ್ರಿಜೆಲ್ ಮದುವೆಯಿಲ್ಲದೆ ಹುಟ್ಟಿದವಳು. ಬರುವ ತಿಂಗಳು ಗ್ರಿಜೆಲಳ ಮದುವೆ, ಪಾದ್ರಿಗಳ ಮಗನ ಜೊತೆ. ತಂದೆಯ ಹೆಸರು ಉಳಿಸುವ ಅದೇ ಮಾತು ಮಗಳ ಹೆಸರನ್ನು ಕಿತ್ತುಕೊಳ್ಳುತ್ತದೆ.

ನಾನೇ ಹೋಗಿ ಹೇಳಿದರೆ ಸಮನ್ಸು ಬರುತ್ತದೆ, ಅದು ಅವಳಿಗೂ ಗೊತ್ತಿತ್ತು. ಹೇಳುತ್ತೀರಾ ಎಂದು ಕಣ್ಣಿನಲ್ಲೇ ಕೇಳಿದಳು.

“ಹಲಗೆ ಮುರಿದಾಗ ಅವನು ಕೂಗಲೂ ಇಲ್ಲ,” ಎಂದಳು ಮೇರಿಯನ್ ಮೆಲ್ಲಗೆ. “ನಾನು ಕಿಟಕೀಲೇ ಇದ್ದೆ. ಕಣ್ಣಾರೆ ಕಂಡೆ.”

ಹೊಸ್ತಿಲ ಮೇಲೆ ನೆರಳು ಬಿತ್ತು.

ಗ್ರಿಜೆಲ್ ನಿಂತಿದ್ದಳು. ಲಂಗದ ಅಂಚಿನಲ್ಲಿ ಹಿಮ, ಓಡಿಬಂದ ಏದುಸಿರು. ಪಾದ್ರಿಗಳು ಬೇಲಿಯಾಚೆ ಗುಂಡಿ ತೋಡಲು ಆಳು ಕಳಿಸಿದ್ದಾರೆಂದು ಹೇಳಲು ನನ್ನನ್ನು ಹುಡುಕಿಕೊಂಡು ಬಂದವಳು. ಅವಳ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಅವಳ ಮುಖದಲ್ಲಿ ಏಳುತ್ತಿದ್ದ ಬೆಳಕೇ ಅದನ್ನು ಹೇಳಿತು.

“ನಮ್ಮಪ್ಪ ಬಿದ್ದದ್ದು ನೀವು ಕಂಡ್ರಾ?”

“ಕಂಡೆ.”

“ಅವ್ರಾಗೇ ಹಾರಲಿಲ್ವಾ?”

“ಇಲ್ಲ ಮಗಳೇ. ಹಾಡ್ಕೊಂಡು ಹೋಗ್ತಿದ್ದ...” ಮೇರಿಯನ್ ತಡೆದಳು. “ಹೋಗ್ತಿದ್ರು.”

ಮೂರು ದಿನದಿಂದ ಕಟ್ಟಿಟ್ಟಿದ್ದ ಅಳು ಆಗ ಒಡೆಯಿತು. ಗ್ರಿಜೆಲ್ ಒಲೆಯ ಮುಂದೆ ಕುಸಿದು ಕೂತು, ಗುರುತೇ ಇಲ್ಲದ ಆ ಹೆಂಗಸಿನ ಹಿಟ್ಟಿನ ಕೈಗಳನ್ನು ಹಿಡಿದು ಅದರಲ್ಲಿ ಮುಖವಿಟ್ಟಳು. ಮೇರಿಯನ್ ಅಲುಗಾಡಲಿಲ್ಲ. ಆ ಹಣೆ, ಆ ಹುಬ್ಬು ವಾಲ್ಟರನದೇ ಎಂದು ಮೂರು ವರ್ಷ ದೂರದಿಂದ ನೋಡಿದ್ದನ್ನು ಈಗ ಅಂಗೈಯಲ್ಲಿ ಹಿಡಿದಿದ್ದಳು.

“ನಾಳೆ ಹತ್ತಕ್ಕೆ ಬಂದು ಈ ಒಂದು ಮಾತು ಹೇಳ್ತೀರಾ?” ಗ್ರಿಜೆಲ್ ತಲೆಯೆತ್ತಿದಳು. “ಜೀವ ಇರೋವರ್ಗೂ ನಿಮ್ಮ ಹತ್ರ ಇನ್ನೇನೂ ಕೇಳಲ್ಲ.”

ಮೇರಿಯನ್ ನನ್ನ ಕಡೆ ನೋಡಲಿಲ್ಲ. ಹುಡುಗಿಯ ಕೆನ್ನೆಗೆ ಅಂಟಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದಳು, ನಿಧಾನವಾಗಿ, ಒಂದು ಕಣವೂ ಉಳಿಯದಂತೆ. ಆಮೇಲೆ ತನ್ನ ಕೈಗಳನ್ನು ಬಿಡಿಸಿಕೊಂಡಳು.

“ಇಲ್ಲ ಮಗಳೇ,” ಎಂದಳು. “ನಾನು ಬರೋದಿಲ್ಲ.”